ಅಗೆ ಗದ್ದೆಯ ಒರತೆ

ಶಿವರಾತ್ರಿ ಕಳೆದು ಒಂದು ವಾರಕ್ಕೆ ಪೊನ್ನಮ್ಮ ತಿತಿಮತಿಯಿಂದ ತವರುಮನೆಗೆ ಬಂದಳು. ಒಬ್ಬಳೇ ಬರಲಿಲ್ಲ. ಒಂಬತ್ತು ವರ್ಷದ ಮಗಳು ಕಮಲ ಜೊತೆಗಿದ್ದಳು, ಹಿಂದೆ ಎರಡು ಹಸುಗಳಿದ್ದವು. ಹಸುಗಳನ್ನು ಬಸ್ಸಿಗೆ ಹತ್ತಿಸುವಂತಿಲ್ಲ. ತಾಯಿ ಮಗಳು ಎರಡು ದಿನ ನಡೆದು, ನಡುವೆ ಒಂದು ರಾತ್ರಿ ವಿರಾಜಪೇಟೆಯ ಪರಿಚಯದವರ ಜಗಲಿಯಲ್ಲಿ ಮಲಗಿ, ಮೂರ್ನಾಡು ದಾಟಿ ಎರಡು ಮೈಲಿ ಒಳದಾರಿ ಹಿಡಿದು ಮನೆಯ ಅಂಗಳಕ್ಕೆ ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು.

ತಮ್ಮ ಪೂವಯ್ಯನ ಹೆಂಡತಿ ಯಮುನ ಬಾವಿಯಿಂದ ನೀರು ಸೇದುತ್ತಿದ್ದಳು. ಕೊಡ ಮೇಲೆ ಬಂದಾಗ ಅದರಲ್ಲಿ ಅರ್ಧ ನೀರು, ಅದೂ ಕೆಂಪು.

"ಹಸುನ ಎಂತಕೆ ತಂದದ್ ಅತ್ತಿಗೆ?" ಎಂದಳು ಯಮುನ, ಬಂದವರಿಗೆ ಕುಡಿಯಲು ಕೊಡುವ ಮೊದಲೇ.

"ಅಲ್ಲಿ ಬಿಟ್ರೆ ಸಾಯ್ತವೆ. ನಮ್ಮ ಕೆರೆಲಿ ಈಗ ಕೆಸರು ಮಾತ್ರ ಉಟ್ಟು. ಇದ್ದ ಕೆಸರಿಗೂ ಆನೆ ಬರ್ತದೆ."

"ಇಲ್ಲಿ ಎಂತ ಉಟ್ಟು ಅಂತ ತಿಳ್ಕಂಡ್ರಿ?"

ಪೊನ್ನಮ್ಮ ಬಾವಿಯೊಳಗೆ ಇಣುಕಿ ನೋಡಿದಳು. ಯಮುನ ಒಂದು ಚೊಂಬು ನೀರು ತಂದು ಕಮಲನ ಕೈಗೆ ಕೊಟ್ಟಳು. ಹುಡುಗಿ ಅರ್ಧ ಕುಡಿದು ಉಳಿದದ್ದನ್ನು ಹಸುವಿನ ಮೂತಿಗೆ ಹಿಡಿದಾಗ ಯಮುನ ತಡೆಯಲು ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

ಮಡಿಕೇರಿಯಲ್ಲಿ ಕೊಡಗಿನದೇ ಸರ್ಕಾರ ಕೂತು ಎರಡು ವರ್ಷವಾಗಿತ್ತು. ಮೂರ್ನಾಡಿನ ಅಂಗಡಿ ಬಾಗಿಲಲ್ಲಿ ಹಿಂದಿನ ವರ್ಷದವರೆಗೂ ಜನ ಅದರ ಮಾತೇ ಆಡುತ್ತಿದ್ದರು. ಈ ವರ್ಷ ಮಾತೆಲ್ಲ ಮಳೆಯದು. ತುಲಾ ಮಾಸದ ಮಳೆ ಅರ್ಧಕ್ಕೇ ನಿಂತಿತ್ತು. ಅನಂತರ ಒಂದು ಹನಿ ಬಿದ್ದಿರಲಿಲ್ಲ. ಬೆಳಗಿನ ಮಂಜು ಕೂಡ ಬೀಳುತ್ತಿರಲಿಲ್ಲ. ಕಾಫಿ ಗಿಡದ ರೆಂಬೆಗಳ ಮೇಲೆ ಮೊಗ್ಗು ಕಡ್ಡಿಯಂತೆ ಎದ್ದು ನಿಂತಿತ್ತು. ಆ ಮೊಗ್ಗು ಅರಳಬೇಕಾದರೆ ಒಂದು ಹೂಮಳೆ ಬೀಳಲೇಬೇಕು. ಬೀಳದಿದ್ದರೆ ಹಾಗೇ ಕಪ್ಪಾಗಿ ಉದುರುತ್ತದೆ, ಮುಂದಿನ ಫಸಲು ಅಲ್ಲಿಗೆ ಮುಗಿಯಿತು.

ಮನೆಯ ಯಜಮಾನ ಸಾಂತಪ್ಪನವರಿಗೆ ಅರವತ್ತೇಳು ವರ್ಷ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಬೆಳಿಗ್ಗೆ ಬೆಲ್ಲದ ಕಾಫಿ ಕುಡಿದು, ಜಗಲಿಯಲ್ಲಿ ಪಡುವಣಕ್ಕೆ ಮುಖ ಮಾಡಿ ಕೂರುತ್ತಿದ್ದರು.

"ನಲ್ವತ್ತು ವರ್ಷ ತೋಟ ಮಾಡ್ದೆ. ಮಾರ್ಚಿ ಮುಗಿಯದ್ರೊಳಗೆ ಹೂಮಳೆ ಬಾರದ ವರ್ಷ ನಾ ಕಂಡಿಲ್ಲೆ" ಎನ್ನುತ್ತಿದ್ದರು. ಮಗಳು ಬಂದದ್ದಕ್ಕೆ ಅವರಿಗೆ ಬೇಸರವಿರಲಿಲ್ಲ. ಹಸುಗಳದ್ದೇ ತಕರಾರು. "ಮಾರಿಬಿಡು" ಎಂದರು ಮೊದಲ ರಾತ್ರಿಯ ಊಟಕ್ಕೇ.

"ಗಬ್ಬದ ಹಸುನ ಯಾರಾದ್ರೂ ಮಾರ್ತಾರಾ ಅಪ್ಪ?"

"ಹಂಗಾರೆ ನಿನ್ನ ಗಂಡ ಸಾಕಲಿ."

"ಅವ್ರು ಮರದ ಡಿಪೋಲಿ ಕೆಲಸಕ್ಕೆ ಹೋದ್ರೆ ವಾರಕ್ಕೊಮ್ಮೆ ಮನೆ ಕಾಣದು. ಅವ್ರೆಂತ ಸಾಕದು?"

ಪಕ್ಕದ ಎಸ್ಟೇಟಿನಲ್ಲಿ ರೈಟರ್ ಆಗಿದ್ದ ಪೂವಯ್ಯ ತಲೆ ತಗ್ಗಿಸಿ ಹಲಸಿನಕಾಯಿ ಪಲ್ಯ ಕಲಸುತ್ತಿದ್ದ. ಅಕ್ಕ ಅವನ ಕಡೆ ನೋಡಿದಳು. ಹೆಂಡತಿಯೂ ನೋಡಿದಳು. ಅವನು ಎರಡನೇ ಸಲ ಅನ್ನ ಹಾಕಿಸಿಕೊಳ್ಳದೆ ಎದ್ದ.

ಮರುದಿನದಿಂದ ನೀರಿಗೆ ಲೆಕ್ಕ ಬಂತು. ದಿನಕ್ಕೆ ಹದಿನಾಲ್ಕು ಕೊಡ ಸಿಗುತ್ತಿತ್ತು. ಅಡುಗೆಗೆ, ಕುಡಿಯಲು ಐದು. ಮನೆಯ ಜೋಡಿ ಎತ್ತಿಗೆ ನಾಲ್ಕು. ಸ್ನಾನಕ್ಕೆ ಎರಡು, ಅದೂ ಸರದಿಯಲ್ಲಿ. ಆಳು ಬೀರನ ಮನೆಗೆ ಒಂದು. ಉಳಿದ ಎರಡು ಕೊಡವನ್ನು ಪೊನ್ನಮ್ಮನ ಹಸುಗಳಿಗೆ ಬಿಡಬೇಕಾಗಿ ಬಂದಾಗ ಯಮುನ ಪಾತ್ರೆಗಳನ್ನು ಜೋರಾಗಿ ಇಟ್ಟಳು. ಕೈ ತೊಳೆದ ನೀರು ಬಸಳೆಗೆ ಹೋಯಿತು. ಪಾತ್ರೆಯನ್ನು ಬೂದಿ ಹಾಕಿ ಉಜ್ಜಿ ಒಣಬಟ್ಟೆಯಲ್ಲಿ ಒರೆಸಿ ಇಟ್ಟರು.

"ನಮ್ಮ ಕರಿಕೆಲಿ ಬೇಸಿಗೆಲೂ ಗುಡ್ಡದ ನೀರು ದಂಬೆಲಿ ಅಡುಗೆಮನೆ ಬಾಗಿಲಿಗೇ ಬೀಳದು" ಎಂದಳು ಯಮುನ ಒಂದು ದಿನ. ಅವಳ ತವರು ಕರಿಕೆ. ಅಲ್ಲಿ ಬೈನೆ ಮರವನ್ನು ಸೀಳಿ, ತಿರುಳು ತೆಗೆದು, ಒಂದಕ್ಕೊಂದು ಜೋಡಿಸಿ ನೀರು ಹರಿಸುವುದನ್ನು ಅವಳು ಹುಟ್ಟಿದಾಗಿನಿಂದ ಕಂಡವಳು. "ನಾ ಮದುವೆಯಾಗಿ ಬರೋವರೆಗೆ ಹಗ್ಗ ಹಿಡ್ದು ನೀರು ಸೇದಿದವಳೇ ಅಲ್ಲ."

"ನಮ್ಮಲ್ಲಿ ಹೊಳೆ ಬತ್ತಿದ್ರೆ ಮರಳು ತೋಡಿ ಒರತೆ ಮಾಡ್ತೊ" ಎಂದಳು ಪೊನ್ನಮ್ಮ. "ಮೇಲಿಂದ ಬಾರದಿದ್ರೆ ಅಡಿಯಿಂದ ತೆಗ್ಯೋಕು."

"ತೆಗೀರಿ ಹಂಗಾರೆ. ಮಾತಿಗೆ ನೀರು ಬೇಡ."

ಮಾರ್ಚಿ ಮುಗಿಯುತ್ತ ಬಂತು. ಪಡುವಣದಲ್ಲಿ ಎರಡು ಸಂಜೆ ಮೋಡ ಕಟ್ಟಿತು, ಗುಡುಗಿತು, ಹೋಯಿತು. ಎಸ್ಟೇಟಿನ ದೊರೆ ಎಂಜಿನ್ ಪಂಪು ತರಿಸಿ ಹೊಳೆಯ ಗುಂಡಿಯ ನೀರನ್ನು ಗಿಡಗಳಿಗೆ ಹೊಡೆಸುತ್ತಿರುವ ಸುದ್ದಿಯನ್ನು ಪೂವಯ್ಯ ತಂದ.

"ಆಕಾಶದ ಕೆಲಸನ ಎಂಜಿನು ಮಾಡದಾ?" ಎಂದು ಸಾಂತಪ್ಪ ನಕ್ಕರು.

"ಮೊಗ್ಗು ಬೆಳ್ಳಗಾಗಿಟ್ಟು ಅಪ್ಪ. ನಾ ಕಣ್ಣಾರೆ ಕಂಡೆ."

ಸಾಂತಪ್ಪನವರ ನಗು ನಿಂತಿತು.

ಹಸುಗಳನ್ನು ಮೇಯಲು ಬಿಟ್ಟರೆ ಅವು ದಿನಾ ಒಂದೇ ಕಡೆ ಹೋಗುತ್ತಿದ್ದವು. ಮನೆಯ ಕೆಳಗೆ, ಕಾಫಿ ತೋಟ ಮುಗಿಯುವಲ್ಲಿ ಗದ್ದೆ. ಅದರಲ್ಲಿ ಮೊದಲನೆಯದು ಅಗೆ ಗದ್ದೆ, ಭತ್ತದ ಸಸಿ ಬೆಳೆಸುವ ಮಡಿ. ಉಳಿದೆಲ್ಲ ಗದ್ದೆ ಬಿರುಕು ಬಿಟ್ಟಿದ್ದರೂ ಅಗೆ ಗದ್ದೆಯ ಮೂಲೆಯಲ್ಲಿ ಒಂದು ಚಾಪೆಯಗಲ ಗರಿಕೆ ಹಸಿರಾಗಿತ್ತು. ಹಸುಗಳು ಅಲ್ಲೇ ಮಲಗುತ್ತಿದ್ದವು. ಪೊನ್ನಮ್ಮ ಆ ಹುಲ್ಲು ಕಿತ್ತು ನೋಡಿದಳು. ಬೇರಿಗೆ ಅಂಟಿದ ಮಣ್ಣು ತಣ್ಣಗಿತ್ತು.

ಸಂಜೆ ಅಪ್ಪನ ಮುಂದೆ ನಿಂತು ಹೇಳಿದಳು. "ಅಗೆ ಗದ್ದೆ ಮೂಲೆಲಿ ತೋಡಿದ್ರೆ ನೀರು ಸಿಕ್ಕದು. ಮನೆಗೂ ಆಕು, ತೋಟಕ್ಕೂ ಆಕು."

"ಅಗೆ ಗದ್ದೆ ತೋಡದಾ? ನನ್ನ ಅಪ್ಪ ಗುಡ್ಡದ ಬುಡ ಕಡಿದು ಹದ ಮಾಡಿದ ಮಣ್ಣು ಅದು. ಅಲ್ಲಿ ಎದ್ದ ಸಸಿ ಮನೆಗೆಲ್ಲ ಅನ್ನ ಹಾಕಿಟ್ಟು."

"ಒಂದು ಮೂಲೆ ಅಪ್ಪ. ಎಂಟು ಅಡಿ."

"ನೀ ಈ ಮನೆಗೆ ಬಂದವಳು, ನಿಂತವಳಲ್ಲ. ಗದ್ದೆ ವಿಚಾರ ನಿಂಗೆ ಬೇಡ."

ಪೊನ್ನಮ್ಮ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ರೊಟ್ಟಿ ತಟ್ಟುತ್ತಿದ್ದ ಯಮುನ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ದಿನ ಅವಳು ಸಮಾಧಾನವನ್ನೂ ಹೇಳಲಿಲ್ಲ, ಚುಚ್ಚಲೂ ಇಲ್ಲ.

ಅದಾಗಿ ಮೂರನೇ ದಿನ ಬಾವಿಯಲ್ಲಿ ಒಂಬತ್ತೇ ಕೊಡ ಸಿಕ್ಕಿತು. ಹಸುಗಳಿಗೆ ನೀರಿಲ್ಲ. ಮಧ್ಯಾಹ್ನ ಯಮುನ ಅಕ್ಕಿ ತೊಳೆದ ನೀರನ್ನು, ಗಂಜಿಯ ತಿಳಿಯನ್ನು ಒಂದು ಬಕೆಟ್ಟಿಗೆ ಸುರಿದು ಕಮಲನ ಕೈಗೆ ಕೊಟ್ಟಳು. ಹುಡುಗಿ ಅಂಗಳ ದಾಟುತ್ತಿದ್ದಾಗ ಸಾಂತಪ್ಪ ಜಗಲಿಯಿಂದ ಕರೆದರು.

"ಎಲ್ಲಿಗೆ ಅದು?"

"ಹಸುಗೆ ಅಜ್ಜ."

"ಎತ್ತಿನ ಮರಿಗೆಗೆ ಹಾಕು. ಈ ಮನೆ ನೀರು ಆ ಮನೆ ದನಕ್ಕಲ್ಲ."

ಕಮಲ ಬಕೆಟ್ಟು ಹಿಡಿದುಕೊಂಡೇ ನಿಂತಳು. ಅವಳ ಕೆಳತುಟಿ ಅದುರುವುದನ್ನು ಯಮುನ ಅಡುಗೆಮನೆಯ ಕಿಟಕಿಯಿಂದ ಕಂಡಳು. ಮೂರು ವಾರದಿಂದ ಇದೇ ಮಾತನ್ನು ಅವಳು ಮನಸ್ಸಿನಲ್ಲಿ ಆಡಿಕೊಂಡಿದ್ದಳು, ಗಂಡನ ಹತ್ತಿರ ಎರಡು ಸಲ ಬಾಯಿಬಿಟ್ಟೂ ಆಡಿದ್ದಳು. ಈಗ ಅದು ಮಗುವಿನ ಮುಖಕ್ಕೆ ಬಿದ್ದಾಗ ಅವಳಿಗೆ ಮೈಯೆಲ್ಲ ಉರಿಯಿತು. ಕೈ ಒರೆಸಿಕೊಂಡು ಹೊರಗೆ ಬಂದಳು.

"ಅದು ನಾ ಕೊಟ್ಟದ್ ಮಾವ. ಅಕ್ಕಿ ತೊಳೆದವಳು ನಾನು. ಕಮಲ, ನೀ ಹೋಗಿ ಹಸುಗೆ ಕೊಡು."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಮಾವನಿಗೆ ಎದುರು ಆಡಿದ್ದು ಅದೇ ಮೊದಲು. ಸಾಂತಪ್ಪ ಅವಳನ್ನು ನೋಡಿದರು. ಯಮುನ ಕಣ್ಣು ತಗ್ಗಿಸಲಿಲ್ಲ. ಕಮಲ ಬಕೆಟ್ಟು ಎತ್ತಿಕೊಂಡು ಕೊಟ್ಟಿಗೆಯ ಕಡೆ ಓಡಿದಳು.

ಮರುದಿನ ಸಾಂತಪ್ಪ ನೆಂಟರ ಮದುವೆಗೆಂದು ಚೇರಂಬಾಣೆಗೆ ಹೊರಟರು. ಎರಡು ದಿನ ಬರುವುದಿಲ್ಲ. ಅವರ ಕೊಡೆ ತಿರುವಿನಲ್ಲಿ ಮರೆಯಾದ ಮೇಲೆ ಪೊನ್ನಮ್ಮ ಸೀರೆ ಎತ್ತಿ ಕಟ್ಟಿ, ಗುದ್ದಲಿ ತೆಗೆದುಕೊಂಡು ಗದ್ದೆಗೆ ಇಳಿದಳು. ಮೇಲಿನ ಒಂದಡಿ ಕಲ್ಲಿನಂತಿತ್ತು. ಅಂಗೈ ಬೊಬ್ಬೆ ಎದ್ದಿತು. ಹೊತ್ತು ಏರುವಾಗ ಹಿಂದಿನಿಂದ ಹೆಜ್ಜೆ ಸದ್ದಾಯಿತು. ಯಮುನ ಇನ್ನೊಂದು ಗುದ್ದಲಿ ಹಿಡಿದು ನಿಂತಿದ್ದಳು.

"ಒಲೆ ಆರಿಸಿ ಬಂದೆ. ಮಧ್ಯಾಹ್ನಕ್ಕೆ ಹುರಿದಕ್ಕಿ, ಬೆಲ್ಲ" ಎಂದಳು. "ಎಲ್ಲಿ ಅಗೀಲಿ?"

"ಅಪ್ಪ ಬಂದ್ರೆ ನಿನ್ನ ಬಿಡಿಕಿಲ್ಲೆ."

"ನಿಮ್ಮನ್ನು ಬಿಡ್ತಾರಾ? ಜರುಗಿ."

ಕಮಲ ಬುಟ್ಟಿಯಲ್ಲಿ ಮಣ್ಣು ಹೊತ್ತಳು. ಎರಡನೇ ದಿನ ಬೀರನೂ ಬಂದ. ಐವತ್ತು ದಾಟಿದ ಆಳು, ಈ ಮನೆಯ ಉಪ್ಪು ತಿಂದು ಬೆಳೆದವನು. "ಯಜಮಾನರು ಕೇಳಿದ್ರೆ ನಾ ಇತ್ತ ಬಂದೇ ಇಲ್ಲ" ಎಂದು ಹೇಳಿಯೇ ಗುದ್ದಲಿ ಮುಟ್ಟಿದ. ಆರಡಿ ಆಳದಲ್ಲಿ ಮಣ್ಣು ಕಪ್ಪಾಯಿತು. ಏಳಡಿಗೆ ಪೊನ್ನಮ್ಮನ ಹೆಜ್ಜೆಯ ಗುಂಡಿಯಲ್ಲಿ ನೀರು ಕೂತಿತು. ಯಾರೂ ಕುಣಿಯಲಿಲ್ಲ. ಎಲ್ಲರೂ ಬಗ್ಗಿ ಅದನ್ನೇ ನೋಡುತ್ತ ನಿಂತರು. ಬೀರ ಬೆರಳು ಅದ್ದಿ ನಾಲಗೆಗೆ ಹಚ್ಚಿ, "ಸೀ ನೀರು" ಎಂದ.

ಸಾಂತಪ್ಪ ಅಂದುಕೊಂಡದ್ದಕ್ಕಿಂತ ಅರ್ಧ ದಿನ ಮೊದಲೇ ಬಂದರು. ಮೇಲಿನಿಂದಲೇ ಮಣ್ಣಿನ ರಾಶಿ ಕಾಣಿಸಿತು. ಮದುವೆಗೆ ಉಟ್ಟ ಬಿಳಿ ಪಂಚೆಯಲ್ಲೇ ಗದ್ದೆಗೆ ಇಳಿದರು. ದಂಡೆಯಲ್ಲಿ ನಿಂತು ಹೊಂಡದೊಳಗೆ ಬಗ್ಗಿ ನೋಡಿದರು.

"ಬೀರ, ಮುಚ್ಚು."

ಬೀರ ಗುದ್ದಲಿಯ ಹಿಡಿಯನ್ನು ನೋಡಿಕೊಂಡ.

"ಮುಚ್ಚು ಅಂತ ಹೇಳ್ದೆ."

ಪೊನ್ನಮ್ಮ ಹೊಂಡದಿಂದ ಮೇಲೆ ಬರಲಿಕ್ಕೆ ಮೆಟ್ಟಿಲಿಗೆ ಕಾಲಿಟ್ಟಿದ್ದವಳು ಕಾಲು ಹಿಂತೆಗೆದಳು. ಕೆಸರಿನಲ್ಲೇ ಕೂತಳು. ನೀರು ಅವಳ ಸೊಂಟದ ಸೀರೆಯನ್ನು ತೋಯಿಸಿತು.

"ಮುಚ್ಚಿಸಿ ಅಪ್ಪ. ನಾ ಇಲ್ಲೇ ಕೂತೊಳೆ."

"ಎದ್ದು ಬಾ."

"ನಾ ಬರಿಕಿಲ್ಲೆ. ನಾ ಬಂದವಳು, ನಿಂತವಳಲ್ಲ ಅಂತ ಹೇಳಿದ್ರಲ್ಲ? ಈಗ ನಿಂತೊಳೆ."

ಯಮುನ ದಂಡೆಯ ಮೇಲೆ ಬುಟ್ಟಿ ಹಿಡಿದು ನಿಂತಿದ್ದಳು. ಅವಳು ಅತ್ತ ಇತ್ತ ಸರಿಯಲಿಲ್ಲ. ಸಾಂತಪ್ಪ ಮಗಳನ್ನು, ಸೊಸೆಯನ್ನು, ಬೀರನನ್ನು ಒಬ್ಬೊಬ್ಬರನ್ನಾಗಿ ನೋಡಿ, ತಿರುಗಿ ಏರಿ ಹೋದರು.

ಆ ಸಂಜೆಯಿಂದ ಅವರು ಒಳಗಿನ ಊಟ ಬಿಟ್ಟರು. ಜಗಲಿಯ ತುದಿಯಲ್ಲಿ ಮೂರು ಕಲ್ಲು ಇಟ್ಟು, ತಾವೇ ಗಂಜಿ ಬೇಯಿಸಿಕೊಂಡರು. ಬಾವಿಯಿಂದ ತಮ್ಮ ಪಾಲಿನ ಒಂದು ಕೊಡವನ್ನು ತಾವೇ ಸೇದಿಕೊಂಡರು, ಒರತೆಯ ನೀರನ್ನು ಮುಟ್ಟಲಿಲ್ಲ. ಹೊಗೆಗೆ ಕಣ್ಣು ಕೆಂಪಾಗುತ್ತಿತ್ತು. ಗಂಜಿ ಒಂದು ದಿನ ಸೀದಿತು, ಇನ್ನೊಂದು ದಿನ ಬೇಯಲಿಲ್ಲ. ಯಮುನ ದಿನಾ ಬಾಳೆಲೆಯಲ್ಲಿ ಉಪ್ಪಿನಕಾಯಿ, ಒಣಮೀನಿನ ಚಟ್ನಿ ಇಟ್ಟು ಬರುತ್ತಿದ್ದಳು. ಚಟ್ನಿ ಖಾಲಿಯಾಗುತ್ತಿತ್ತು, ಮಾತು ಬರುತ್ತಿರಲಿಲ್ಲ.

"ಅಪ್ಪನ ಹತ್ರ ಒಂದು ಮಾತು ಕೇಳಿಬಿಡಿ, ತಪ್ಪಾತು ಅಂತ" ಎಂದ ಪೂವಯ್ಯ ಇಬ್ಬರಿಗೂ.

"ಎಂತ ತಪ್ಪು ಹೇಳು, ಕೇಳ್ತೆ" ಎಂದಳು ಅಕ್ಕ.

ಪೂವಯ್ಯ ಮರುದಿನ ಎಸ್ಟೇಟಿನಿಂದ ಮದ್ದು ಹೊಡೆಯುವ ಹಳೆಯ ಕೈಪಂಪೊಂದನ್ನು ಸ್ವಲ್ಪ ದಿನದ ಮಟ್ಟಿಗೆ ಕೇಳಿ ತಂದ. ಅಂಗಳದಲ್ಲಿ ಇಟ್ಟು ಕೆಲಸಕ್ಕೆ ಹೋದ.

ಒರತೆಯಲ್ಲಿ ರಾತ್ರಿ ಕಳೆದು ಬೆಳಗಾಗುವಾಗ ಎದೆಮಟ್ಟ ನೀರು ತುಂಬುತ್ತಿತ್ತು. ಮನೆಗೆ, ದನಕ್ಕೆ ತೆಗೆದು ಉಳಿದದ್ದು ತೋಟಕ್ಕೆ. ಯಮುನ ಬೀರನ ಕೈಯಲ್ಲಿ ತೋಟದ ಗಡಿಯ ಬೈನೆ ಮರ ಕಡಿಸಿ, ಉದ್ದಕ್ಕೆ ಸೀಳಿಸಿ, ತಾನೇ ಕೂತು ತಿರುಳು ಕೆತ್ತಿದಳು. ಹೊಂಡದ ದಂಡೆಯಲ್ಲಿ ಏತ ನಿಲ್ಲಿಸಿದರು. ಏತದ ನೀರು ದಂಬೆಗೆ ಬಿದ್ದು ತೋಟದ ಬುಡದ ನಾಲ್ಕು ಸಾಲು ಗಿಡಗಳಿಗೆ ಹರಿಯಿತು. ಅದಕ್ಕಿಂತ ಮೇಲಿನ ಸಾಲುಗಳಿಗೆ ಕೊಡದಲ್ಲಿ ಹೊತ್ತರು. ಬುಡಕ್ಕೆ ನೀರು, ಅದರ ಮೇಲೆ ಒಣ ಸೊಪ್ಪು, ರೆಂಬೆಗಳಿಗೆ ಕೈಪಂಪಿನ ಹನಿ. ಪಂಪಿನ ಹಿಡಿ ಆಡಿಸುವುದು ಯಮುನ, ಕೊಳವೆ ಹಿಡಿಯುವುದು ಪೊನ್ನಮ್ಮ. ಕೆಲಸದ ನಡುವೆ ಜಗಳವೂ ಇತ್ತು.

"ಒಂದು ಗಿಡಕ್ಕೆ ಎಷ್ಟು ಹೊತ್ತು ಹಿಡ್ದು ನಿಂತೊಳಿರಿ? ನನ್ನ ಕೈ ಬಿದ್ದು ಹೋತು."

"ಮುಖ ತೊಳೆಸಿದಂಗೆ ಹೊಡೆದ್ರೆ ಅರಳಿಕಿಲ್ಲೆ."

"ಹಂಗಾರೆ ಹಿಡಿ ನೀವು ಆಡ್ಸಿ."

ಒಂಬತ್ತು ದಿನಕ್ಕೆ ಮುನ್ನೂರ ನಲವತ್ತು ಗಿಡವಾಯಿತು. ತೋಟದ ಕಾಲು ಭಾಗವೂ ಅಲ್ಲ. ಏಪ್ರಿಲ್ ನಡುವಿನ ಬಿಸು ಹಬ್ಬದ ಬೆಳಿಗ್ಗೆ ಬಾಗಿಲು ತೆರೆದಾಗ ಮನೆಯೊಳಗೆ ಮಲ್ಲಿಗೆಯಂಥ ವಾಸನೆ ನುಗ್ಗಿತು. ತೋಟದ ಮೇಲೆಲ್ಲ ಬೂದುಬಣ್ಣ, ಬುಡದಲ್ಲಿ ಮಾತ್ರ ಅಕ್ಕಿ ಚೆಲ್ಲಿದ ಹಾಗೆ ಬಿಳಿ. ಜೇನು ಮೊರೆಯುತ್ತಿತ್ತು. ಇಬ್ಬರು ಹೆಂಗಸರೂ ಕೊಡ ಕೆಳಗಿಟ್ಟು ನಿಂತರು.

ಹಬ್ಬದ ದಿನವಾದರೂ ಸಾಂತಪ್ಪ ತಮ್ಮ ಮೂರು ಕಲ್ಲಿನ ಮುಂದೆಯೇ ಕೂತಿದ್ದರು. ಗಾಳಿ ಅತ್ತಲೇ ಬೀಸುತ್ತಿತ್ತು.

"ಹೂ ಬಂದ್ರೆ ಆತಾ?" ಎಂದರು, ಹನ್ನೆರಡು ದಿನದ ಮೇಲೆ ಮೊದಲ ಮಾತು. "ಇಪ್ಪತ್ತು ದಿನದಲ್ಲಿ ಇನ್ನೊಂದು ಮಳೆ ಬೇಕು. ಇಲ್ಲದಿದ್ರೆ ಕಾಯಿ ಕಟ್ಟಿಕಿಲ್ಲೆ."

"ಗೊತ್ತುಟ್ಟು ಮಾವ" ಎಂದಳು ಯಮುನ. "ಇನ್ನೊಂದು ಸಲ ನೀರು ಹೊರ್ತೊ."

ಏಪ್ರಿಲ್ ಕೊನೆಯಲ್ಲಿ ಪೊನ್ನಮ್ಮನ ಗಂಡ ಗುರುವಪ್ಪ ಬಂದ. ತಿತಿಮತಿಯಲ್ಲಿ ಆಲಿಕಲ್ಲಿನ ಮಳೆ ಬಿದ್ದು ಕೆರೆಯಲ್ಲಿ ಅರ್ಧ ನೀರು ನಿಂತಿತ್ತಂತೆ. ಇಲ್ಲಿ ಇನ್ನೂ ಒಂದು ಹನಿಯಿಲ್ಲ. ಅಳಿಯ ಮನೆಗೆ ಬಂದು ಊಟಕ್ಕೆ ಕೂತ ಮೇಲೆ ಮಾವ ಜಗಲಿಯಲ್ಲಿ ಗಂಜಿ ಬೇಯಿಸುವುದು ಹೇಗೆ? ಸಾಂತಪ್ಪ ಬಿಗಿದ ಮುಖದಲ್ಲೇ ಒಳಗೆ ಬಂದು ಮಣೆಯ ಮೇಲೆ ಕೂತರು. ಯಮುನ ಕೋಳಿ ಸಾರು ಬಡಿಸಿದಳು. ಎರಡನೇ ಸಲ ಕೇಳದೆಯೇ ಹಾಕಿದಳು, ಅವರು ಬೇಡವೆನ್ನಲಿಲ್ಲ.

"ನಾಳೆ ಹೊರಡೊಕು" ಎಂದ ಗುರುವಪ್ಪ ಹೆಂಡತಿಗೆ.

"ಕರ್ಕೊಂಡು ಹೋಗಿ ಅಳಿಯ" ಎಂದರು ಸಾಂತಪ್ಪ ತಟ್ಟನೆ.

"ನಾ ಈಗ ಹೊರಡಿಕಿಲ್ಲೆ" ಎಂದಳು ಪೊನ್ನಮ್ಮ ಅನ್ನದ ಪಾತ್ರೆ ಕೆಳಗಿಟ್ಟು. "ಎರಡನೇ ನೀರು ಆಗೋಕು. ಇನ್ನು ಎಂಟು ದಿನ."

"ಎರಡು ತಿಂಗಳು ಡಿಪೋ ಹೋಟ್ಲಲ್ಲಿ ತಿಂದು ಹೊಟ್ಟೆ ಹಾಳಾಗಿಟ್ಟು ನನ್ಗೆ."

"ಹಂಗಾರೆ ಎಂಟು ದಿನ ಇಲ್ಲೇ ಉಣ್ಣಿ. ಏತಕ್ಕೆ ಒಂದು ಆಳು ಬೇಕಾಗಿಟ್ಟು."

ಪೂವಯ್ಯ ಉಗುಳು ನೆತ್ತಿಗೇರಿ ಕೆಮ್ಮಿದ. ಗುರುವಪ್ಪ ಕೋಪ ಮಾಡಿಕೊಂಡು ಕೈ ತೊಳೆಯಲು ಎದ್ದ. ಬೆಳಿಗ್ಗೆ ಬಸ್ಸಿಗೆ ಹೋಗುತ್ತೇನೆಂದು ಚೀಲ ತಗಲಿಸಿಕೊಂಡು ಗದ್ದೆಯ ದಾರಿಯಲ್ಲಿ ಇಳಿದವನು, ಹೆಂಡತಿ ಏತದ ಹಗ್ಗಕ್ಕೆ ಜೋತುಬಿದ್ದು ಎಳೆಯುವುದನ್ನು ಕಂಡ. ಅವಳು ಅವನತ್ತ ತಿರುಗಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತು, ಚೀಲವನ್ನು ಬೇಲಿಗೆ ಸಿಕ್ಕಿಸಿ, "ಹಗ್ಗ ಹಿಡಿಯದು ಹಂಗಲ್ಲ" ಎಂದು ಬೈದುಕೊಂಡೇ ಅವಳ ಕೈಯಿಂದ ಕಿತ್ತುಕೊಂಡ. ಐದು ದಿನ ಇದ್ದ.

ಮೇ ಹದಿಮೂರಕ್ಕೆ ಮಳೆ ಬಂತು. ಬೀಸಿ ಹೊಡೆದು, ಹಂಚು ಹಾರಿಸಿ, ಇಡೀ ಮಧ್ಯಾಹ್ನ ಸುರಿಯಿತು. ಮೇಲಿನ ತೋಟದಲ್ಲಿ ಮೊಗ್ಗು ಆಗಲೇ ಕಪ್ಪಾಗಿ ಉದುರಿತ್ತು. ಅಲ್ಲಿಗೆ ಮಳೆ ಬಂದೂ ಫಲವಿಲ್ಲ. ಬುಡದ ಮುನ್ನೂರ ನಲವತ್ತು ಗಿಡಗಳಲ್ಲಿ ಮಾತ್ರ ಕಾಯಿ ಸಾಸಿವೆಯಷ್ಟು ದಪ್ಪ ಕಟ್ಟಿತ್ತು. ಪೊನ್ನಮ್ಮ ಮಗಳನ್ನೂ ಹಸುಗಳನ್ನೂ ಹೊರಡಿಸಿಕೊಂಡು ತಿತಿಮತಿಗೆ ಹೋದಳು. ಅಪ್ಪನ ಕಾಲಿಗೆ ಬಿದ್ದಾಗ ಅವರು ತಲೆ ಮುಟ್ಟಿದರು. ಯಮುನ ತಿರುವಿನವರೆಗೂ ಹಸುವಿನ ಹಗ್ಗ ಹಿಡಿದು ಹೋದಳು.

"ಕರಿಕೆಗೆ ಹೋಗುವಾಗ ನನ್ನನ್ನೂ ಕರಿ. ಆ ದಂಬೆ ನೀರು ಕಾಣೊಕು" ಎಂದಳು ಪೊನ್ನಮ್ಮ.

"ನೀವು ಬಂದ್ರೆ ಅಲ್ಲೂ ತೋಡ್ತೀರಿ" ಎಂದಳು ಯಮುನ.

ಅದಾದ ನಾಲ್ಕನೇ ದಿನ ಅಗೆ ಹಾಕಲು ಉಳುಮೆ. ನೇಗಿಲು ಹೊತ್ತ ಬೀರನಿಗೆ ಸಾಂತಪ್ಪ ಹೇಳಿದರು, "ಮೊದಲು ಆ ಹೊಂಡ ಮುಚ್ಚು. ಆಮೇಲೆ ಉಳು."

ಒರತೆ ಮಳೆನೀರಿನಿಂದ ಬಾಯಿತನಕ ತುಂಬಿತ್ತು. ಒಂದು ದಂಡೆ ಕುಸಿದಿತ್ತು. ಕಾಫಿ ತಂದಿದ್ದ ಯಮುನ ಲೋಟಗಳನ್ನು ಬದುವಿನ ಮೇಲೆ ಇಟ್ಟಳು.

"ಬೇಡ ಮಾವ."

"ಮಳೆ ಬಂತಲ್ಲ. ತೋಡಿದವಳೂ ಹೋದಳು. ಇನ್ನು ಯಾರಿಗೆ ಬೇಕು ಹೊಂಡ?"

"ನಂಗೆ ಬೇಕು."

ಸಾಂತಪ್ಪ ಅವಳ ಕಡೆಗೆ ಒಂದು ಹೆಜ್ಜೆ ಬಂದರು. "ನಿಂಗೆ?"

"ಹೂಂ, ನಂಗೆ. ಬರುವ ವರ್ಷ ಹಿಂಗೇ ಆದ್ರೆ ಅತ್ತಿಗೆ ತಿತಿಮತಿಯಿಂದ ಬಂದು ತೋಡಿಕಿಲ್ಲೆ. ನೀರು ಹೊರದು ನಾನು. ನೀವು ಮುಚ್ಚಿದ್ರೆ ನಾ ಮತ್ತೆ ತೋಡ್ತೆ. ಇನ್ನೊಮ್ಮೆ ಮುಚ್ಚಿದ್ರೆ ಇನ್ನೊಮ್ಮೆ ತೋಡ್ತೆ."

ಬದುವಿನ ಮೇಲೆ ನಿಂತಿದ್ದ ಪೂವಯ್ಯನ ಕಡೆ ಸಾಂತಪ್ಪ ತಿರುಗಿದರು. ಮಗ ಎಂದಿನಂತೆ ನೆಲ ನೋಡುತ್ತಾನೆಂದು ಅವರು ತಿಳಿದಿರಬೇಕು. ಪೂವಯ್ಯ ಕೆಳಗಿಳಿದು ಬಂದು ಬೀರನ ಕೈಯಿಂದ ಗುದ್ದಲಿ ತೆಗೆದುಕೊಂಡ. ಕುಸಿದ ದಂಡೆಯ ಹತ್ತಿರ ಹೋಗಿ, ಜಾರಿದ ಮಣ್ಣನ್ನು ಹೊಂಡದೊಳಗಿನಿಂದ ಎತ್ತಿ ಹೊರಗೆ ಹಾಕತೊಡಗಿದ.

ಕಾಫಿ ಆರುತ್ತಿತ್ತು. ಸಾಂತಪ್ಪ ಪಂಚೆ ಎತ್ತಿ ಕಟ್ಟಿದರು, ಬೀರನನ್ನು ಪಕ್ಕಕ್ಕೆ ಸರಿಸಿ ತಾವೇ ನೇಗಿಲಿನ ಮೇಳಿ ಹಿಡಿದರು. ಎತ್ತುಗಳಿಗೆ ಗದರಿಸಿ, ಅಗೆ ಗದ್ದೆಯ ಉದ್ದಕ್ಕೂ ಮೊದಲ ಸಾಲು ಹೊಡೆದರು. ಮೂಲೆಗೆ ಬಂದಾಗ ನೇಗಿಲು ದಂಡೆಗೆ ಒಂದು ಗೇಣು ದೂರದಲ್ಲಿತ್ತು. ಮುದುಕ ಎತ್ತುಗಳಿಗೂ ಸೊಸೆಗೂ ಆಕಾಶಕ್ಕೂ ಒಟ್ಟಿಗೇ ಬೈದು, ಹಗ್ಗ ಜಗ್ಗಿ, ಹೊಂಡವನ್ನು ಬಳಸಿ ತಿರುಗಿಸಿದರು. ಆ ದಿನ ಒಂದೊಂದು ಸುತ್ತಿಗೂ ಹಾಗೆಯೇ ಬೈದರು, ಒಂದೊಂದು ಸುತ್ತಿಗೂ ಹಾಗೆಯೇ ತಿರುಗಿಸಿದರು.